ಸಾಲು ಸಾಲು ಅರ್ಥವಾಗುತ್ತದೆ, ಒಟ್ಟು ಅರ್ಥವಾಗುವುದಿಲ್ಲ: ಕೆರೆ ಪಾಠದ ಒಂದು ತೊಡಕು

ಆವನಿ ಬೆಟ್ಟ

ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಥೆಯಾದರೆ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಿಕೊಡುವುದೇ ಬೇಡ. ಯಾರು ಯಾರ ಮೇಲೆ ಏಕೆ ಮುನಿಸಿಕೊಂಡರು ಎಂಬುದನ್ನು ನನಗಿಂತ ಮೊದಲೇ ಹಿಡಿಯುತ್ತಾರೆ. ಅದೇ ಮಕ್ಕಳ ಮುಂದೆ ಮಾಹಿತಿಯ ಬರಹವೊಂದನ್ನು ಇಟ್ಟರೆ ಒಂದೊಂದು ವಾಕ್ಯಕ್ಕೂ ಸರಿಯಾಗಿ ಅರ್ಥ ಹೇಳುತ್ತಾರೆ. ಈ ವಾಕ್ಯಕ್ಕೂ ಆ ವಾಕ್ಯಕ್ಕೂ ಏನು ಸಂಬಂಧ ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ಪರೀಕ್ಷಿಸಿ ನೋಡೋಣವೆಂದು ನಾನೇ ಒಂದು ಗದ್ಯಭಾಗ ಬರೆದೆ. "ಆದ್ದರಿಂದ", "ಏಕೆಂದರೆ", "ಆದರೆ" ಮುಂತಾದವನ್ನು ಬೇಕೆಂದೇ ಬಿಟ್ಟೆ:

"ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಂದಿನವರು ಸಾವಿರಾರು ಕೆರೆಗಳನ್ನು ಕಟ್ಟಿದರು. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುತ್ತಿತ್ತು. ಕೊಳವೆಬಾವಿಗಳು ಬಂದವು. ಕೆರೆಗಳಲ್ಲಿ ಹೂಳು ತುಂಬಿತು. ನೀಲಗಿರಿ ತೋಪುಗಳು ಹೆಚ್ಚಿದವು. ಕೊಳವೆಬಾವಿಗಳ ಆಳ ಸಾವಿರ ಅಡಿ ದಾಟಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಯಿತು. ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ ಕಾಣಿಸಿಕೊಂಡಿತು."

ಪ್ರಶ್ನೆ ಒಂದೇ: ಕೊಳವೆಬಾವಿಗೂ ಹಲ್ಲಿನ ಕಲೆಗೂ ಏನು ಸಂಬಂಧ? ಬಹಳ ಮಂದಿ ಬರೆದ ಉತ್ತರ, "ಎರಡೂ ಕೋಲಾರ ಜಿಲ್ಲೆಯ ಸಮಸ್ಯೆಗಳು." ಒಬ್ಬ ಹುಡುಗ, "ಕೊಳವೆಬಾವಿ ಮೊದಲು ಬಂತು, ಕಲೆ ಆಮೇಲೆ ಬಂತು" ಎಂದು ಬರೆದ. ಎರಡೂ ಸುಳ್ಳಲ್ಲ, ಅದೇ ತಲೆನೋವು. ಇದನ್ನು ಕಲಿಸುವುದು ಹೇಗೆ? ಶಿಕ್ಷಕರಲ್ಲದವರೂ ಹೇಳಿ. ಶಿಕ್ಷಕರು ಏನು ಹೇಳುತ್ತಾರೆ ಎಂಬುದು ನನಗೆ ಗೊತ್ತಿದೆ.

ಬೆಳಗಿನ ಪ್ಯಾಸೆಂಜರ್

ಸುಲಭ ಮೇಡಂ. ವಾಕ್ಯಗಳ ನಡುವೆ ಖಾಲಿ ಜಾಗ ಬಿಟ್ಟು "ಆದ್ದರಿಂದ, ಆದರೆ, ಇದಲ್ಲದೆ, ಪರಿಣಾಮವಾಗಿ" ಎಂದು ನಾಲ್ಕು ಪದ ಕೊಟ್ಟು ತುಂಬಿಸಲು ಹೇಳಿ. ಸಂಬಂಧ ತಾನಾಗಿಯೇ ಹೊರಬರುತ್ತದೆ.

ಹಳೆಯ ಕರಡು

ತಾನಾಗಿಯೇ ಬರುವುದಿಲ್ಲ. ನಾಲ್ಕು ಪದ ಕೊಟ್ಟರೆ ಮಕ್ಕಳು ಕಿವಿಗೆ ಹಿತವಾದದ್ದನ್ನು ತುಂಬುತ್ತಾರೆ. ಪತ್ರಿಕೆಯ ಡೆಸ್ಕಿನಲ್ಲಿ ವರದಿಗಳನ್ನು ತಿದ್ದುತ್ತಾ ತಲೆ ನರೆಸಿಕೊಂಡವನು ನಾನು. ದೊಡ್ಡವರೂ ಹಾಗೆಯೇ ಮಾಡುತ್ತಾರೆ.

ಇನ್ನೊಂದು ಮಾತು. ಜೋಡಿಸುವ ಪದಗಳನ್ನು ಹುಡುಕಿ ಗೆರೆ ಎಳೆಯುವ ಅಭ್ಯಾಸ ಇಂಗ್ಲಿಷ್ ಪಾಠಕ್ಕೆ ಸಾಕಾಗಬಹುದು. ಕನ್ನಡದಲ್ಲಿ ಆ ಕೆಲಸದ ಅರ್ಧವನ್ನು ಕ್ರಿಯಾಪದವೇ ಸದ್ದಿಲ್ಲದೆ ಮುಗಿಸಿಬಿಡುತ್ತದೆ. "ಮಳೆ ಬಂದು ಕೆರೆ ತುಂಬಿತು" ಎಂದಾಗ ಮಳೆಯೇ ಕಾರಣ. "ಊಟ ಮಾಡಿ ಮಲಗಿದರು" ಎಂದಾಗ ಊಟ ನಿದ್ದೆಗೆ ಕಾರಣವಲ್ಲ, ಬರಿಯ ಕ್ರಮ. "ಓಡಿ ಬಂದ" ಎಂದರೆ ಬಂದ ರೀತಿ. ರೂಪ ಒಂದೇ, ಸಂಬಂಧ ಮೂರು. "ಕೆರೆಯಿದ್ದೂ ನೀರಿಲ್ಲ" ಎಂಬಲ್ಲಿ ಒಂದು ಊಕಾರ ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸಿತು. ಅಲ್ಲಿ "ಆದರೆ" ಹುಡುಕಿದರೆ ಎಲ್ಲಿ ಸಿಗಬೇಕು?

ಈ ಸೌಲಭ್ಯವನ್ನು ನಮ್ಮ ವರದಿಗಾರರು ಚೆನ್ನಾಗಿ ಬಳಸಿಕೊಳ್ಳುತ್ತಿದ್ದರು. "ಕೆರೆ ಬತ್ತಿ, ಬೋರ್ ಕೊರೆಸಿ, ಸಾಲ ಮಾಡಿಕೊಂಡು ರೈತರು ಊರು ಬಿಟ್ಟರು." ಓದಲು ಎಷ್ಟು ನಯವಾಗಿದೆ ನೋಡಿ. ಸಾಲ ಆದದ್ದು ಬೋರಿಗೋ, ಮಗಳ ಮದುವೆಗೋ? ಊರು ಬಿಟ್ಟದ್ದು ಸಾಲಕ್ಕೋ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ್ದಕ್ಕೋ? ಫೋನ್ ಮಾಡಿ ಕೇಳಿದರೆ "ಸಾಮಾನ್ಯವಾಗಿ ಹಾಗೆಯೇ ಅಲ್ಲವೇ ಸರ್" ಎನ್ನುವ ಉತ್ತರ. ಕಾರಣ ಹೇಳಿದ ಭಾವನೆ ಓದುಗನಿಗೆ ಬರುತ್ತದೆ, ಹೇಳಿದ ಹೊಣೆ ಬರೆದವನಿಗಿರುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಪದ ತುಂಬಿಸಬೇಡಿ. ಎರಡು ಸಂಗತಿಗಳನ್ನು ಎತ್ತಿಕೊಂಡು "ಮೊದಲನೆಯದು ನಡೆಯದೇ ಹೋಗಿದ್ದರೆ ಎರಡನೆಯದು ನಡೆಯುತ್ತಿತ್ತೇ?" ಎಂದು ಕೇಳಿಸಿ. ಮಳೆ ಬರದಿದ್ದರೆ ಕೆರೆ ತುಂಬುತ್ತಿರಲಿಲ್ಲ. ಊಟ ಮಾಡದಿದ್ದರೂ ಮಲಗುತ್ತಿದ್ದರು.

ಗಟ್ಟಿಕಲ್ಲು

ಅಂತರ್ಜಲದ ಕೆಲಸದಲ್ಲಿದ್ದವನು, ಅದಕ್ಕೇ ಈ ಹೆಸರು. ಮೇಡಂ, ನಿಮ್ಮ ಗದ್ಯಭಾಗದಲ್ಲಿ ಒಂದು ಕಡೆ ಮಕ್ಕಳು ಎಷ್ಟೇ ಜಾಣರಾಗಿದ್ದರೂ ಸಂಬಂಧ ಹಿಡಿಯಲಾರರು. "ಆಳ ಸಾವಿರ ಅಡಿ ದಾಟಿತು", "ಫ್ಲೋರೈಡ್ ಹೆಚ್ಚಾಯಿತು". ಈ ಎರಡರ ನಡುವೆ ಒಂದು ಕೊಂಡಿ ಇದೆ, ಅದು ಬರಹದಲ್ಲಿಲ್ಲ. ಓದುವವನು ಹೊರಗಿನಿಂದ ತರಬೇಕು.

ನಮ್ಮ ಕಡೆಯ ನೆಲದ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆ. ಮೇಲಿನ ಸವೆದ ಪದರದಲ್ಲಿ ಮಳೆ ನೀರು ಬೇಗ ಬಂದು ಬೇಗ ಸಾಗುತ್ತದೆ. ಹಿಂದಿನ ತೆರೆದ ಬಾವಿಗಳು ಈ ಪದರದ ನೀರನ್ನೇ ನಂಬಿದ್ದವು. ಆಳದಲ್ಲಿ ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಹಾಗಲ್ಲ, ಅದು ಬಹಳ ಕಾಲ ಕಲ್ಲಿಗೆ ಅಂಟಿಕೊಂಡೇ ಇರುತ್ತದೆ. ಆ ಕಲ್ಲಿನೊಳಗಿನ ಅಭ್ರಕ, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಹಳೆಯ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಹೆಚ್ಚಾಗಿರುತ್ತದೆ, ಹೀಗಾಗಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಅಂದರೆ ತಪ್ಪಿತಸ್ಥ ಬರೀ ಆಳವಲ್ಲ, ನೀರು ಕಲ್ಲಿನ ಜೊತೆ ಕಳೆದ ಕಾಲ. ಆಳವಿಲ್ಲದ ಬಾವಿಯಲ್ಲೂ ಕೆಲವು ಕಡೆ ಫ್ಲೋರೈಡ್ ಇರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಬಂದು ಹೇಳುತ್ತಾರೆ.

ಮುಂದಿನ ಕೊಂಡಿ ಇನ್ನೂ ಸ್ವಾರಸ್ಯವಾಗಿದೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯಲು ತಕ್ಕುದಲ್ಲ. ಆದರೆ ಹಲ್ಲಿನ ಕಲೆ ಬರುವುದು ಹಲ್ಲು ದವಡೆಯೊಳಗೆ ಬೆಳೆಯುತ್ತಿರುವಾಗ, ಸುಮಾರು ಎಂಟು ವರ್ಷದ ಒಳಗೆ, ಕುಡಿದ ನೀರಿನಿಂದ. ನಿಮ್ಮ ಹತ್ತನೆಯ ತರಗತಿಯ ಹುಡುಗನ ಹಲ್ಲಿನ ಮೇಲಿರುವುದು ಇವತ್ತಿನ ನೀರಿನ ಗುರುತಲ್ಲ, ಅವನು ಅಂಗನವಾಡಿಗೂ ಕೆಳಗಿನ ತರಗತಿಗಳಿಗೂ ಹೋಗುತ್ತಿದ್ದ ಕಾಲದ ನೀರಿನ ಗುರುತು. ನಿಮ್ಮ ಕೊನೆಯ ಎರಡು ವಾಕ್ಯಗಳು ಪಕ್ಕಪಕ್ಕದಲ್ಲಿವೆ, ನಡುವೆ ಏಳೆಂಟು ವರ್ಷ ಕುಳಿತಿದೆ.

ಆವನಿ ಬೆಟ್ಟ

ಗಟ್ಟಿಕಲ್ಲು ಸರ್, ಈ ಎಂಟು ವರ್ಷದ ವಿಷಯ ನನ್ನ ಪಾಠಕ್ಕೆ ಚಿನ್ನ. ಆದರೆ ಒಂದು ಮಾತು ಒಪ್ಪುವುದಿಲ್ಲ. ಕೊಂಡಿಯನ್ನು ಮಕ್ಕಳು ತಾವೇ ತರಲಾರರು ನಿಜ. ಇಲ್ಲೊಂದು ಕೊಂಡಿ ಬಿಟ್ಟುಹೋಗಿದೆ ಎಂದು ಗುರುತಿಸಲಂತೂ ಬಹುದು. "ಆಳವಾದರೆ ಫ್ಲೋರೈಡ್ ಏಕೆ ಹೆಚ್ಚಾಗಬೇಕು? ಇದನ್ನು ಬರೆದವರು ಹೇಳಿಲ್ಲ" ಎಂದು ಒಬ್ಬನಾದರೂ ಬರೆದಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಯಾವ ಬರಹವೂ ಎಲ್ಲವನ್ನೂ ಹೇಳುವುದಿಲ್ಲ. ಎಲ್ಲಿ ಹೇಳಿಲ್ಲ ಎಂಬುದು ಕಣ್ಣಿಗೆ ಬಿದ್ದರೆ ಓದು ಶುರುವಾಯಿತು ಎಂದು ನನ್ನ ಲೆಕ್ಕ.

ನರಸಾಪುರದ ರೈತ

ನೀವೆಲ್ಲ ಕೊನೆಯ ವಾಕ್ಯಗಳನ್ನೇ ಹಿಡಿದುಕೊಂಡಿದ್ದೀರಿ. ಎಡವಟ್ಟು ಇರುವುದು ನಡುವೆ. "ಕೊಳವೆಬಾವಿಗಳು ಬಂದವು. ಕೆರೆಗಳಲ್ಲಿ ಹೂಳು ತುಂಬಿತು." ಇದನ್ನು ಓದಿದವರಿಗೆ ಬೋರ್‌ವೆಲ್ ಕೊರೆದ ಮಣ್ಣೇ ಕೆರೆಗೆ ಹೋಗಿ ತುಂಬಿಕೊಂಡಿತು ಎನ್ನಿಸಬೇಕು!

ನಡೆದದ್ದು ಹೀಗೆ. ಅಚ್ಚುಕಟ್ಟಿನಲ್ಲಿ ಗದ್ದೆಯಿದ್ದವರೆಲ್ಲ ಕೆರೆಯನ್ನೇ ನಂಬಿದ್ದ ಕಾಲದಲ್ಲಿ ನೀರುಗಂಟಿ ಇದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಮಾತು. ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನು ಗಾಡಿಯಲ್ಲಿ ಹೊತ್ತು ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಯ ಹೂಳೂ ತೆಗೆದಂತಾಯಿತು. ಸ್ವಂತ ಬೋರ್ ಬಂದ ಮೇಲೆ ಕೆರೆಯ ಹಂಗು ಯಾರಿಗೆ? ನೀರುಗಂಟಿಗೆ ಕೊಡುವ ಧಾನ್ಯ ನಿಂತಿತು, ಗೋಡು ತೆಗೆಯುವುದು ನಿಂತಿತು, ಹೂಳು ಕೆರೆಯಲ್ಲೇ ಉಳಿಯಿತು. ಹೂಳಿನ ಮೇಲೆ ನಿಂತ ನೀರು ನೆಲಕ್ಕೆ ಇಂಗುವುದು ಕಡಿಮೆ. ಇಂಗದಿದ್ದರೆ ಬೋರ್ ಬತ್ತುತ್ತದೆ, ಇನ್ನೂ ಆಳಕ್ಕೆ ಕೊರೆಸಬೇಕು. ಬೋರ್ ಎಲ್ಲಿ ಕೊರೆಯಬೇಕೆಂದು ಪಾಯಿಂಟ್ ನೋಡುವವರಿಗೆ ಕೈತುಂಬ ಕೆಲಸ, ರೈತನಿಗೆ ಕೈತುಂಬ ಸಾಲ.

ಈಗ ಹೇಳಿ, ಬೋರ್ ಕಾರಣವೋ, ಪರಿಣಾಮವೋ? ಎರಡೂ. ಇದು ಸುತ್ತು. ಬರಹದಲ್ಲಿ ವಾಕ್ಯಗಳು ಒಂದರ ಹಿಂದೆ ಒಂದು ನಿಲ್ಲಲೇಬೇಕು, ಬೇರೆ ದಾರಿ ಇಲ್ಲ. ಊರಿನಲ್ಲಿ ಸಂಗತಿಗಳು ಹಾಗೆ ಸಾಲಾಗಿ ನಿಲ್ಲುವುದಿಲ್ಲ.

ಹಳೆಯ ಕರಡು

ನರಸಾಪುರದವರೇ, ಚೆನ್ನಾಗಿ ಹೇಳಿದಿರಿ. ಒಂದು ತಕರಾರು ಮಾತ್ರ. ಕೆರೆಗಳ ಉಸ್ತುವಾರಿ ಊರಿನವರ ಕೈಯಿಂದ ಸರ್ಕಾರದ ಇಲಾಖೆಗಳ ಕೈಗೆ ಹೋದದ್ದು ಬೋರ್‌ವೆಲ್‌ಗಿಂತ ಬಹಳ ಹಿಂದಿನ ಕಥೆ. ಊರಿನ ಹಿಡಿತ ಆಗಲೇ ಸಡಿಲಿತ್ತು. ಬೋರ್ ಬಂದು ಅದನ್ನು ಪೂರ್ತಿ ಬಿಡಿಸಿತು ಎನ್ನಬಹುದು. ಒಂದೇ ಕಾರಣ ಸಿಕ್ಕಿತೆಂದು ಓದು ನಿಲ್ಲಿಸುವುದೂ ಒಂದು ಚಾಳಿ.

ಮಾಲೂರು ಹಂಚು

ನೀಲಗಿರಿಯ ವಾಕ್ಯದ ಬಗ್ಗೆ ಯಾರೂ ಮಾತನಾಡಿಲ್ಲ. ಮಾಲೂರಿನವನಾಗಿ ನಾನು ಸುಮ್ಮನಿರಲಾರೆ.

ಎಲ್ಲರೂ ಓದುವುದು ಒಂದೇ ರೀತಿ: ನೀಲಗಿರಿ ನೆಟ್ಟರು, ನೀರು ಹೋಯಿತು. ನಮ್ಮ ಮನೆಯಲ್ಲಿ ನಡೆದದ್ದು ತಿರುಗುಮುರುಗು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲ. ಮಳೆ ಕೈಕೊಟ್ಟಿತು, ಕೂಲಿಯವರು ಸಿಗಲಿಲ್ಲ, ಅಣ್ಣಂದಿರು ಬೆಂಗಳೂರಿನ ಕಾರ್ಖಾನೆಗೆ ಸೇರಿದರು. ನೀಲಗಿರಿಗೆ ಕಳೆ ಕೀಳಬೇಕಿಲ್ಲ, ನೀರು ಕಟ್ಟಬೇಕಿಲ್ಲ, ದನ ಬಾಯಿ ಹಾಕುವುದಿಲ್ಲ, ಕಡಿದ ಮೇಲೆ ಬುಡದಿಂದ ತಾನೇ ಚಿಗುರುತ್ತದೆ. ನೀರು ಹೋದದ್ದರಿಂದ ನೀಲಗಿರಿ ಬಂತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿ ಹಂಚಿ ನೆಡಲು ಹೇಳಿದ್ದೂ ಸರ್ಕಾರವೇ, 2017ರಲ್ಲಿ ಹೊಸದಾಗಿ ನೆಡಬಾರದು ಎಂದದ್ದೂ ಸರ್ಕಾರವೇ.

ನರಸಾಪುರದ ರೈತ

ಮಾಲೂರಿನವರೇ, ನಿಮ್ಮ ಹೊಲಕ್ಕೆ ಅದು ನಿಜವಿರಬಹುದು. ಪಕ್ಕದ ಹೊಲದವನನ್ನು ಕೇಳಿದಿರಾ? ತೋಪಿನ ಅಂಚಿನಲ್ಲಿ ರಾಗಿ ಪೈರು ಮೊಣಕಾಲುದ್ದಕ್ಕೂ ಬರುವುದಿಲ್ಲ.

ಗಟ್ಟಿಕಲ್ಲು

ಇಬ್ಬರೂ ಜಗಳವಾಡಬೇಕಿಲ್ಲ, ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ. "ರೈತ ನೀಲಗಿರಿ ಏಕೆ ನೆಟ್ಟ?" ಎಂಬುದು ಒಂದು. "ನೆಟ್ಟ ಮೇಲೆ ಮಣ್ಣಿನ ತೇವಕ್ಕೆ ಏನಾಯಿತು?" ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೀರಿನ ಕೊರತೆ ಕಾರಣ, ಎರಡನೆಯದಕ್ಕೆ ಆಳಕ್ಕಿಳಿಯುವ ಬೇರು ಕಾರಣ. ಮಳೆ ನೀರು ಬೇರಿನ ಪದರ ದಾಟಿ ಕೆಳಗಿಳಿಯುವ ಮೊದಲೇ ಮರ ಹೀರಿಕೊಂಡರೆ ಅಂತರ್ಜಲಕ್ಕೆ ಏನು ಉಳಿಯುತ್ತದೆ? ಆದರೆ ಸಾವಿರ ಅಡಿ ಕೆಳಗಿನ ನೀರನ್ನು ಮರ ಕುಡಿಯಿತು ಎಂದು ಯಾರಾದರೂ ಬರೆದಿದ್ದರೆ ನಂಬಬೇಡಿ. ಅದನ್ನು ಕುಡಿದದ್ದು ಪಂಪು.

ಚಿಂತಾಮಣಿ ಅಭ್ಯರ್ಥಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನೀವು ಚರ್ಚಿಸುತ್ತಿರುವುದೇ ನಮಗೆ "ಹೇಳಿಕೆ ಮತ್ತು ಕಾರಣ" ಎಂಬ ರೂಪದಲ್ಲಿ ಬರುತ್ತದೆ. ಎರಡು ವಾಕ್ಯ ಕೊಡುತ್ತಾರೆ. ಎರಡೂ ಸರಿಯಿರಬಹುದು. ಎರಡನೆಯದು ಮೊದಲನೆಯದಕ್ಕೆ ಸರಿಯಾದ ವಿವರಣೆಯೇ ಎಂಬುದೇ ಬಲೆ. ನಾನೇ ಕಟ್ಟಿದ ಒಂದು ಮಾದರಿ:

ಹೇಳಿಕೆ: 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ತರಲಾಯಿತು.
ಕಾರಣ: ಶಿವನಸಮುದ್ರದಲ್ಲಿ ಕಾವೇರಿ ಎತ್ತರದಿಂದ ಧುಮುಕುತ್ತದೆ.

ಎರಡೂ ನಿಜ. ನಮ್ಮ ಓದುಗರ ಗುಂಪಿನಲ್ಲಿ ಹೆಚ್ಚಿನವರು "ಸರಿಯಾದ ವಿವರಣೆ" ಎಂದೇ ಗುರುತು ಹಾಕಿದರು. ನಾನು ಒಪ್ಪುವುದಿಲ್ಲ. ಜಲಪಾತ ಇರುವುದು ಅಲ್ಲಿ ವಿದ್ಯುತ್ ಏಕೆ ಹುಟ್ಟಿತು ಎಂಬುದನ್ನು ಹೇಳುತ್ತದೆ. ಅದು 140 ಕಿಲೋಮೀಟರಿಗೂ ಹೆಚ್ಚು ದೂರ ತಂತಿ ಎಳೆಸಿಕೊಂಡು ನಮ್ಮ ಜಿಲ್ಲೆಗೇ ಏಕೆ ಬಂತು ಎಂಬುದನ್ನು ಹೇಳುವುದಿಲ್ಲ. ಹತ್ತಿರದ ಮೈಸೂರು ಬಿಟ್ಟು, ದಾರಿಯ ಬೆಂಗಳೂರು ಬಿಟ್ಟು ಇಲ್ಲಿಗೇ ಏಕೆ? ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಗಣಿಯ ನಂತರ.

ಚಾಂಪಿಯನ್ ರೀಫ್

ಬೆಂಗಳೂರಿಗಿಂತ ಮೊದಲು ನಮ್ಮೂರಿಗೆ ಕರೆಂಟ್ ಬಂತು ಎಂದು ನಮ್ಮ ತಾತ ಮೀಸೆ ತಿರುವುತ್ತಿದ್ದರು. ಏಕೆ ಬಂತು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ, ನಾನು ಹೇಳುತ್ತೇನೆ.

ಜಾನ್ ಟೇಲರ್ ಕಂಪನಿಯ ಗಣಿಗಳು ಹಬೆ ಯಂತ್ರದಿಂದ ನಡೆಯುತ್ತಿದ್ದವು. ಹಬೆಗೆ ಸೌದೆ, ಕಲ್ಲಿದ್ದಲು ಬೇಕು. ದೂರದಿಂದ ತರಿಸುವ ಕಲ್ಲಿದ್ದಲು ದುಬಾರಿ. ಗಣಿ ಆಳಕ್ಕೆ ಹೋದಷ್ಟೂ ಅದಿರು ಎತ್ತಲು, ನೀರು ಹೊರಹಾಕಲು, ಗಾಳಿ ಒಳಗೆ ನೂಕಲು ಶಕ್ತಿ ಹೆಚ್ಚು ಬೇಕು. ಹೀಗಾಗಿ ಹಗಲಿರುಳು ಒಂದೇ ಸಮನೆ ವಿದ್ಯುತ್ ಕೊಂಡು ಹಣ ಕೊಡುವ ಗಿರಾಕಿ ಸಂಸ್ಥಾನದಲ್ಲಿ ಗಣಿಗಳೇ. ಚಿಂತಾಮಣಿಯವರೇ, ನಿಮ್ಮ ಪ್ರಶ್ನೆಗೆ ಕಾರಣ ಜಲಪಾತವಲ್ಲ, ಗಿರಾಕಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದರೆ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲುವುದಿಲ್ಲ, ಗಣಿಗೆ ವಿದ್ಯುತ್ ಸಾಲುವುದಿಲ್ಲ. ಮೇಲೆ ಎಲ್ಲಾದರೂ ನೀರು ನಿಲ್ಲಿಸಿಕೊಂಡು ವರ್ಷವಿಡೀ ಬಿಡಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದುದರ ಹಿಂದೆ ನೀರಾವರಿಯಷ್ಟೇ ಈ ಲೆಕ್ಕವೂ ಇತ್ತು. ಆಗ ಮುಖ್ಯ ಎಂಜಿನಿಯರ್ ಆಗಿದ್ದವರು ವಿಶ್ವೇಶ್ವರಯ್ಯನವರು, ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯವರು.

ಶಾಲೆಯಲ್ಲಿ ಇದನ್ನು ನಾವು ಓದಿದ್ದು ಹೇಗೆ? ಕೆಜಿಎಫ್ "ಖನಿಜ ಸಂಪತ್ತು" ಪಾಠದಲ್ಲಿ. ಶಿವನಸಮುದ್ರ "ವಿದ್ಯುಚ್ಛಕ್ತಿ" ಪಾಠದಲ್ಲಿ. ಕನ್ನಂಬಾಡಿ "ನೀರಾವರಿ" ಪಾಠದಲ್ಲಿ. ವಿಶ್ವೇಶ್ವರಯ್ಯನವರು "ಮಹನೀಯರು" ಪಾಠದಲ್ಲಿ. ನಾಲ್ಕು ಪಾಠ, ನಾಲ್ಕು ಪರೀಕ್ಷೆ, ಒಂದೇ ತಂತಿ. ಮಂಡ್ಯದ ಗದ್ದೆಯ ನೀರಿಗೂ ನಮ್ಮೂರಿನ ಗಣಿಗೂ ನಂಟಿದೆ ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ, ಗಣಿ ಮುಚ್ಚಿದ 2001ರವರೆಗೂ ನಾನೂ ಕೇಳಲಿಲ್ಲ.

ಆವನಿ ಬೆಟ್ಟ

ಪಾಠಗಳನ್ನು ಹಾಗೆ ವಿಂಗಡಿಸದಿದ್ದರೆ ಪುಸ್ತಕ ಬರೆಯುವುದೇ ಕಷ್ಟ. ಮೇಷ್ಟ್ರುಗಳ ಮೇಲೆ ಸ್ವಲ್ಪ ಕರುಣೆಯಿರಲಿ. ಆದರೂ ಒಂದೇ ಇಸವಿ ಅಥವಾ ಒಂದೇ ನದಿ ಎರಡು ಪಾಠಗಳಲ್ಲಿ ಕಂಡರೆ ಅಂಚಿನಲ್ಲಿ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ ಎಂದು ಹೇಳಬಹುದು. ಖರ್ಚಿಲ್ಲದ ಕೆಲಸ.

ಉತ್ತರ ಪಿನಾಕಿನಿ

ಗೌರಿಬಿದನೂರಿನ ಕಡೆಯವಳು. ಇಸವಿಗಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ವಿದುರಾಶ್ವತ್ಥದ ಬಗ್ಗೆ ಮಕ್ಕಳಿಗೆ ಬಾಯಿಪಾಠವಾಗಿರುವುದು ಇಷ್ಟು: 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದ. ಮೂರು ದಿನಾಂಕ, ಮೂರು ಅಂಕ.

ಒಂದಕ್ಕೊಂದು ಹೇಗೆ ತಗಲಿಕೊಂಡಿದೆ ಎಂದು ಕೇಳಿದರೆ ಮೌನ. ಶಿವಪುರ ಇರುವುದು ಮದ್ದೂರಿನ ಬಳಿ, ವಿದುರಾಶ್ವತ್ಥ ಆಂಧ್ರದ ಗಡಿಯಲ್ಲಿ. ನಡುವೆ ಎಷ್ಟು ದೂರ! ಅಲ್ಲಿ ಧ್ವಜ ಹಾರಿಸಲು ಹೋದವರನ್ನು ಬಂಧಿಸಿದ ಸುದ್ದಿ ಸಂಸ್ಥಾನವಿಡೀ ಹರಡಿ ಊರೂರಿನಲ್ಲಿ ಧ್ವಜ ಹಾರಿಸುವ ಹಟ ಹುಟ್ಟಿತು. ಇಲ್ಲಿ ಜಾತ್ರೆಯ ಕಾಲ, ಜನ ಸೇರಿದ್ದರು. ಗುಂಡು ಹಾರಿದ ಸುದ್ದಿ ದೇಶಕ್ಕೆ ಮುಟ್ಟಿತು, ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಮಾತನಾಡಿದರು, ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ದಿನಾಂಕಗಳನ್ನು ಅಳಿಸಿ ಇದನ್ನು ಹೇಳಿಸಿ ನೋಡಿ, ಯಾರಿಗೆ ಅರ್ಥವಾಗಿದೆ ಎಂಬುದು ಗೊತ್ತಾಗುತ್ತದೆ.

ಸತ್ತವರ ಸಂಖ್ಯೆ ಒಂದೊಂದು ಬರಹದಲ್ಲಿ ಒಂದೊಂದು. ಮಕ್ಕಳು "ಯಾವುದು ಸರಿ ಮಿಸ್?" ಎನ್ನುತ್ತಾರೆ. ಸಂಖ್ಯೆ ಹೇಳಿದವರು ಯಾರು, ಗುಂಡು ಹಾರಿಸಿದ ಕಡೆಯವರೋ, ಹೆಣ ಹೊತ್ತ ಕಡೆಯವರೋ ಎಂದು ನಾನು ತಿರುಗಿ ಕೇಳುತ್ತೇನೆ. ಒಂದು ಬರಹದೊಳಗಿನ ಸಂಬಂಧ ಗೊತ್ತಾದರೆ ಸಾಲದು, ಎರಡು ಬರಹಗಳ ನಡುವಿನದೂ ಬೇಕು.

ಬೆಳಗಿನ ಪ್ಯಾಸೆಂಜರ್

ನಾಲ್ಕು ಪದ ತುಂಬಿಸಿ ಎಂದಿದ್ದೆ, ಸ್ವಾತಂತ್ರ್ಯ ಹೋರಾಟದವರೆಗೂ ಬಂದಿದೆ. ಇವತ್ತಿನ ವಿಷಯಕ್ಕೆ ಬನ್ನಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ ಪತ್ರಿಕೆಯಲ್ಲಿ ಬರುವುದನ್ನು ಹೇಗೆ ಓದುತ್ತೀರಿ?

ನರಸಾಪುರದ ರೈತ

ಅದರಲ್ಲಿ ಓದುವುದೇನಿದೆ? 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಒಂದೊಂದೇ ಕೆರೆಗೆ ಹರಿಯಿತು, ಬತ್ತಿದ ಬೋರ್‌ಗಳಲ್ಲಿ ನೀರು ಬಂತು. ಕಣ್ಣಾರೆ ಕಂಡದ್ದು.

ಹಳೆಯ ಕರಡು

"ಬಂತು, ಹರಿಯಿತು, ಬಂತು." ಮೂರು ಕ್ರಿಯಾಪದ, ಒಂದೂ ಕಾರಣ ಹೇಳಿಲ್ಲ ಸ್ವಾಮಿ. 2021ರ ನವೆಂಬರ್‌ನಲ್ಲಿ ಸುರಿದ ಮಳೆ ಮರೆತಿರಾ? ಪೈಪಿನ ನೀರು ಒಂದು ಹನಿಯೂ ಮುಟ್ಟದ ಕೆರೆಗಳೂ ಅಂದು ಕೋಡಿ ಬಿದ್ದವು. ಆ ಮಳೆಯ ನಂತರ ಅಳೆದ ಅಂತರ್ಜಲವನ್ನು ಇಡಿಯಾಗಿ ಯೋಜನೆಯ ಲೆಕ್ಕಕ್ಕೆ ಬರೆದರೆ ಹೇಗೆ ನಂಬುವುದು?

ನರಸಾಪುರದ ರೈತ

ನಮ್ಮ ಬೋರ್‌ನಲ್ಲಿ ನೀರು ಏರಿದ್ದು ಆ ಮಳೆಗೆ ಮುಂಚೆಯೇ. ನಮ್ಮದು ನೀರು ಹರಿದ ಕೆರೆಯ ಕೆಳಗಿನ ಹೊಲ. ಏರಿಯ ಆಚೆ, ಕಾಲುವೆ ಇಲ್ಲದ ಕಡೆ ನನ್ನ ಭಾವನ ಹೊಲ. ಅವನ ಬೋರ್ ಏರಿದ್ದು ಮಳೆಯ ನಂತರ. ಇದಕ್ಕಿಂತ ಸಾಕ್ಷಿ ಬೇಕೆ?

ಗಟ್ಟಿಕಲ್ಲು

ಇದು ಸಾಕ್ಷಿಯೇ, ಒಳ್ಳೆಯ ಸಾಕ್ಷಿ. ನೀರು ತುಂಬಿಸಿದ ಕೆರೆಯ ಕೆಳಗಿನ ಬಾವಿ, ತುಂಬಿಸದ ಕೆರೆಯ ಕೆಳಗಿನ ಬಾವಿ, ಮಳೆಗೆ ಮೊದಲು, ಮಳೆಯ ನಂತರ: ಈ ನಾಲ್ಕನ್ನೂ ಒಂದೇ ವರದಿಯಲ್ಲಿ ಪಕ್ಕಪಕ್ಕದಲ್ಲಿಟ್ಟರೆ ಕಾರಣ ಯಾವುದು ಎಂದು ಹೇಳಬಹುದು. ಎರಡು ಹೊಲ ಸಾಲದು, ಆದರೆ ದಾರಿ ಇದೇ. ನಾಲ್ಕರಲ್ಲಿ ಎಷ್ಟನ್ನು ಕೊಟ್ಟಿದ್ದಾರೆ ಎಂದು ಎಣಿಸಿಕೊಂಡು ಓದಿ.

ಇನ್ನೊಂದು ಗಂಟು. "ನೀರು ಬಂತು" ಎಂಬುದೂ "ನೀರು ಚೆನ್ನಾಗಿದೆ" ಎಂಬುದೂ ಬೇರೆ ಬೇರೆ ಸಂಗತಿಗಳು. ಇಲ್ಲಿಗೆ ಬರುತ್ತಿರುವುದು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು. ಮೂರನೆಯ ಹಂತವೂ ಬೇಕು ಎಂಬುದು ಜಿಲ್ಲೆಯ ಹೋರಾಟಗಾರರ ಬೇಡಿಕೆ. ಯೋಜನೆ ಬೇಕೆನ್ನುವವರು ಮಟ್ಟದ ಅಂಕಿ ತೋರಿಸುತ್ತಾರೆ, ಬೇಡವೆನ್ನುವವರು ಗುಣದ ಅಂಕಿ ತೋರಿಸುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಉತ್ತರವೇ ಅಲ್ಲ. ಆದರೂ ಸುದ್ದಿಯಲ್ಲಿ ಇಬ್ಬರ ನಡುವೆ ಒಂದು "ಆದರೆ" ಹಾಕಿ ವಾದ–ಪ್ರತಿವಾದ ಎಂದು ಅಚ್ಚು ಹಾಕುತ್ತಾರೆ.

ಹಳೆಯ ಕರಡು

ಆ "ಆದರೆ"ಗಳಲ್ಲಿ ಎಷ್ಟೋ ನನ್ನ ಕೈಯಿಂದಲೇ ಹೋಗಿರಬೇಕು. ಜಾಗ ಕಡಿಮೆ, ಹೊತ್ತು ಕಡಿಮೆ, ಡೆಸ್ಕಿನ ಧರ್ಮ.

ಆವನಿ ಬೆಟ್ಟ

ಇಷ್ಟು ಹೊತ್ತು ಮಾತನಾಡಿದ್ದಕ್ಕೆ ಎಲ್ಲರಿಗೂ ವಂದನೆ. ತರಗತಿಯಲ್ಲಿ ಪ್ರಯೋಗ ಮಾಡಿದೆ. ಅದೇ ಗದ್ಯಭಾಗ, ಪ್ರಶ್ನೆ ಬದಲಾಯಿಸಿದೆ. ಒಂಬತ್ತು ಚೀಟಿಗಳಲ್ಲಿ ಒಂಬತ್ತು ವಾಕ್ಯ, ಕಪ್ಪುಹಲಗೆಯ ಮೇಲೆ ಅಂಟಿಸಿ "ಬಾಣ ಎಳೆಯಿರಿ, ಬಾಣದ ಮೇಲೆ ಏಕೆ ಎಂದು ಬರೆಯಿರಿ, ಏಕೆ ಎಂದು ಬರೆಯಲಾಗದಿದ್ದರೆ ಪ್ರಶ್ನೆಚಿಹ್ನೆ ಹಾಕಿ" ಎಂದೆ. ಚೀಟಿಗಳನ್ನು ಸಾಲಾಗಿ ಅಂಟಿಸಲಿಲ್ಲ. ನರಸಾಪುರದವರ ಸುತ್ತಿನ ಮಾತು ತಲೆಯಲ್ಲಿತ್ತು.

ನೀಲಗಿರಿಗೆ ಎರಡು ದಿಕ್ಕಿನಿಂದಲೂ ಬಾಣ ಬಂತು. ಆಳಕ್ಕೂ ಫ್ಲೋರೈಡಿಗೂ ನಡುವೆ ಪ್ರಶ್ನೆಚಿಹ್ನೆ ಬಿತ್ತು. ಆಗ ಬಂಡೆ, ಕ್ಯಾಲ್ಸಿಯಂ ವಿವರ ಹೇಳಿದೆ. ಕೇಳಬೇಕಾದ ಹೊತ್ತಿಗೆ ಹೇಳಿದ್ದರಿಂದ ಕಿವಿಗೊಟ್ಟು ಕೇಳಿದರು. "ನದಿ ಇಲ್ಲ", "ಕೆರೆ ಕಟ್ಟಿದರು" ಎಂಬುದರ ನಡುವಿನ ಬಾಣದ ಮೇಲೆ ಹೆಚ್ಚಿನವರು "ಅದಕ್ಕೇ" ಎಂದಷ್ಟೇ ಬರೆದರು. ಅಷ್ಟು ಸಾಕು, ಅಲ್ಲಿ ಬೇರೇನಿಲ್ಲ.

ಒಬ್ಬ ಹುಡುಗಿ ಹತ್ತನೆಯ ಚೀಟಿಯೊಂದನ್ನು ತಾನೇ ಬರೆದು ತಂದಳು: "ಊರಿನಲ್ಲಿ ಶುದ್ಧ ನೀರಿನ ಘಟಕ ಹಾಕಿದರು." ಫ್ಲೋರೈಡಿನಿಂದ ಅದಕ್ಕೊಂದು ಬಾಣ. ಅಲ್ಲಿಂದ ಮತ್ತೆ ಫ್ಲೋರೈಡಿಗೇ ಒಂದು ಬಾಣ ವಾಪಸು! ಏಕೆಂದು ಕೇಳಿದರೆ, "ಕ್ಯಾನ್ ತುಂಬಿಸುವಾಗ ಪಕ್ಕದ ಪೈಪಿನಿಂದ ಬೇಡದ ನೀರು ಚರಂಡಿಗೆ ಹೋಗುತ್ತದೆ ಮಿಸ್, ಅದರಲ್ಲಿ ಇನ್ನೂ ಹೆಚ್ಚು ಇರಬೇಕಲ್ಲ" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗಟ್ಟಿಕಲ್ಲು ಸರ್, ಆ ಬಾಣ ನಿಲ್ಲುತ್ತದೆಯೇ?

ಗಟ್ಟಿಕಲ್ಲು

ನಿಲ್ಲುತ್ತದೆ. ಶುದ್ಧ ನೀರಿನ ಘಟಕದಲ್ಲಿರುವ ಆರ್‌ಒ ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸಿ ಪಕ್ಕಕ್ಕೆ ತಳ್ಳುತ್ತದೆ. ಹೊರಬಿಡುವ ನೀರಿನಲ್ಲಿ ಬೋರ್ ನೀರಿಗಿಂತ ಹೆಚ್ಚೇ ಇರುತ್ತದೆ. ಹುಡುಗಿ ಬರಹದಲ್ಲಿಲ್ಲದ್ದನ್ನು ಊರಿನಿಂದ ತಂದಿದ್ದಾಳೆ, ಸರಿಯಾಗಿಯೇ ತಂದಿದ್ದಾಳೆ.

ಬಾಣದ ದಪ್ಪ ಎಷ್ಟು ಎಂಬುದನ್ನೂ ಕೇಳಿಸಿ. ಊರಿನವರು ಕುಡಿಯುವ ನೀರು ಎಷ್ಟು, ಅದಕ್ಕಾಗಿ ಚರಂಡಿಗೆ ಬಿಟ್ಟದ್ದು ಎಷ್ಟು? ಹೊಲಕ್ಕೆ ಎತ್ತುವ ನೀರಿನ ಮುಂದೆ ಅದು ಬಹಳ ಸಣ್ಣದು. ಟೊಮೆಟೊಗೆ, ರೇಷ್ಮೆಯ ಹಿಪ್ಪುನೇರಳೆಗೆ ಅದೇ ಬೋರ್ ನೀರು ಹಾಯಿಸುತ್ತಾರೆ. ನೀರು ಆವಿಯಾಗುತ್ತದೆ, ಫ್ಲೋರೈಡ್ ಆವಿಯಾಗುವುದಿಲ್ಲ; ಮಣ್ಣಿನಲ್ಲಿ ಉಳಿದದ್ದರಲ್ಲಿ ಒಂದಿಷ್ಟು ಮುಂದಿನ ಮಳೆಯಲ್ಲಿ ತಿರುಗಿ ಕೆಳಗಿಳಿಯುತ್ತದೆ. ದಪ್ಪ ಬಾಣ ಇರುವುದು ಅಲ್ಲಿ. ನಿಮ್ಮ ಗದ್ಯಭಾಗದಲ್ಲಿ ಹೊಲದ ಮಾತೇ ಇಲ್ಲ, ಹನ್ನೊಂದನೆಯ ಚೀಟಿ ಅದಕ್ಕಿರಲಿ.

ನರಸಾಪುರದ ರೈತ

ಕೊನೆಗೂ ಬಾಣ ತಿರುಗಿ ರೈತನ ಕಡೆಗೇ ಬಂತು. ಮೇಡಂ, ಆ ಚೀಟಿ ಅಂಟಿಸುವಾಗ ಟೊಮೆಟೊ ತಿನ್ನುವವರಿಗೂ ಒಂದು ಚೀಟಿ ಮಾಡಿಸಿ.